ಮೂಕಜೀವಿಯ ಋಣ

ತನ್ನ ನೋವನ್ನು ಹೇಳಿಕೊಳ್ಳಲಾರದ ಜೀವಿಗೆ ಬೇಕೆಂದೇ ರೋಗ ಬರಿಸಿ ಪಡೆದ ಜ್ಞಾನವು ದಯೆಯನ್ನು ನಂಬಿದವರಿಗೆ ಗ್ರಾಹ್ಯವೇ? ಈ ಜಿಜ್ಞಾಸೆ ಪಂಡಿತರ ಗೋಷ್ಠಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸ್ತನದ ಅರ್ಬುದರೋಗ, ಎಂದರೆ ಕ್ಯಾನ್ಸರು, ಇಂದು ಭಾರತದ ಸ್ತ್ರೀಯರಲ್ಲಿ ಉಳಿದೆಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣುತ್ತಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸದ್ಭಕ್ತರ ಮನೆಗಳಿಂದಲೂ ತಾಯಂದಿರು ಚಿಕಿತ್ಸೆಗಾಗಿ ಬೆಳಗಾವಿಗೆ, ಹುಬ್ಬಳ್ಳಿಗೆ, ಮುಂಬಯಿಗೆ ಹೋಗುತ್ತಾರೆ. ಅವರು ನುಂಗುವ ಗುಳಿಗೆಯ ಹಿಂದೆ ಅಸಂಖ್ಯ ಇಲಿಗಳ ಪ್ರಾಣವಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಕರು ಹಾಕಿದ ಆಕಳಿನ ಅಂಡಾಶಯವನ್ನು ತೆಗೆದರೆ ಅದು ಬಹುಕಾಲ ಹಾಲು ಕೊಡುತ್ತದೆಂಬ ದನಗಾರರ ಅನುಭವವನ್ನು ಗ್ಲಾಸ್ಗೋದ ವೈದ್ಯ ಜಾರ್ಜ್ ಬೀಟ್ಸನ್ ಮನಸ್ಸಿಗೆ ತಂದುಕೊಂಡರು. ಅಂಡಾಶಯಕ್ಕೂ ಸ್ತನಕ್ಕೂ ನಂಟಿರಬೇಕೆಂದು ತರ್ಕಿಸಿ, ರೋಗ ಉಲ್ಬಣಿಸಿದ ಸ್ತ್ರೀಯರಿಗೆ ಆ ಶಸ್ತ್ರಕ್ರಿಯೆ ಮಾಡಿ, ಗಡ್ಡೆ ಕುಗ್ಗಿದ್ದನ್ನು 1896ರಲ್ಲಿ ಪ್ರಕಟಿಸಿದರು. ಹಾರ್ಮೋನೆಂಬ ಶಬ್ದವೇ ಆಗ ಹುಟ್ಟಿರಲಿಲ್ಲ! 1932ರಲ್ಲಿ ಪ್ಯಾರಿಸ್ಸಿನ ಲಕಸಾನ್ ಎಂಬ ವಿಜ್ಞಾನಿ ಸ್ತ್ರೀಹಾರ್ಮೋನನ್ನು ಗಂಡಿಲಿಗಳಿಗೆ ಚುಚ್ಚಿದಾಗ ಅವುಗಳಿಗೂ ಸ್ತನದ ಕ್ಯಾನ್ಸರು ಬಂದಿತು.

ವಿಕಿರಣದ ಕಥೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಕ್ಷ-ಕಿರಣ ಹಾಯ್ದ ಹೆಣ್ಣಿಲಿಗಳ ಸ್ತನದಲ್ಲಿ ಗಡ್ಡೆಗಳು ಹುಟ್ಟಿದವು. ಅಂಡಾಶಯ ತೆಗೆದ ಇಲಿಗಳಲ್ಲಿ ಅದೇ ಕಿರಣದಿಂದ ಹುಟ್ಟಿದ ಗಡ್ಡೆಗಳು ತೀರ ಕಡಿಮೆ. 1971ರಲ್ಲಿ ಅಮೆರಿಕದ ಸೆಗಲಾಫ್ ಮತ್ತು ಮ್ಯಾಕ್ಸ್‌ಫೀಲ್ಡ್ ಎಂಬವರು ಕಿರಣವನ್ನೂ ಹಾರ್ಮೋನನ್ನೂ ಒಟ್ಟಿಗೆ ಪ್ರಯೋಗಿಸಿ, ಎರಡೂ ಕೂಡಿ ಮಾಡಿದ ಕೇಡು ಅವುಗಳ ಬೇರೆಬೇರೆ ಕೇಡಿನ ಮೊತ್ತಕ್ಕಿಂತ ಮಿಗಿಲೆಂದು ಕಂಡರು. ಕಿರಣವು ಜೀವಕೋಶದ ಡಿ.ಎನ್.ಎ.ಯಲ್ಲಿ ಊನವನ್ನುಂಟುಮಾಡುತ್ತದೆ, ಹಾರ್ಮೋನು ಆ ಕೋಶವನ್ನು ಮತ್ತೆ ಮತ್ತೆ ಒಡೆದು ಬೆಳೆಯುವಂತೆ ಪ್ರೇರಿಸುತ್ತದೆ. ಹೊಲದಲ್ಲಿ ಬಿದ್ದ ಕಳೆಯ ಬೀಜಕ್ಕೆ ಕಾಲುವೆಯ ನೀರು ದೊರೆತರೆ ಏನಾಗುವುದೆಂಬುದನ್ನು ಹಿಡಕಲ್ ಅಣೆಕಟ್ಟಿನ ಕೆಳಗಿನ ರೈತರಿಗೆ ನಾವು ಹೇಳಬೇಕಾಗಿಲ್ಲ.

"ಅಪ್ಪಾರ, ಗಡ್ಡಿ ಹುಟ್ಟಸೂದೂ ಕಿರಣಾನ, ಸುಡೂದೂ ಕಿರಣಾನ ಅಂದ್ರ ಇದು ಹೆಂಗ್ರಿ?" ಎಂದು ಗೋಕಾಕದ ತಾಯಿಯೊಬ್ಬರು ಕೇಳಿದರು. ಆಸ್ಪತ್ರೆಯಲ್ಲಿ 'ಕರೆಂಟು ಕೊಡುವುದು' ಎಂದು ಜನ ಕರೆಯುವ ಚಿಕಿತ್ಸೆಯಲ್ಲಿ ಕಿರಣವನ್ನು ಅಳೆದು, ಗುರಿಯಿಟ್ಟು, ರೋಗದ ಕೋಶಗಳು ಸಾಯುವಷ್ಟು ಕೊಡುತ್ತಾರೆ. ಅದರಿಂದ ಮುಂದೆ ಬೇರೊಂದು ಕ್ಯಾನ್ಸರು ಬರುವ ಅಲ್ಪ ಸಂಭವವುಂಟು. ಕೈಯಲ್ಲಿರುವ ರೋಗವನ್ನು ಹಾಗೆಯೇ ಬಿಡುವುದಕ್ಕಿಂತ ಅದು ಬಹಳ ಚಿಕ್ಕ ಅಪಾಯ.

ಈ ಶೋಧನೆ ಪರದೇಶದ್ದು ಮಾತ್ರವಲ್ಲ. ನಮ್ಮ ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿಗೆ ಸೇರಿದ್ದ 1949ರಲ್ಲಿ ಡಾಕ್ಟರೇಟ್ ಪಡೆದ ಡಾ. ಕಮಲ ರಣದಿವೆಯವರು ಅಲ್ಲಿಯೇ ಇಲಿಗಳ ಸ್ತನಕ್ಯಾನ್ಸರಿನಲ್ಲಿ ಆನುವಂಶಿಕತೆ, ಹಾರ್ಮೋನು, ವೈರಾಣು ಇವುಗಳ ಪಾತ್ರವನ್ನು ಅಭ್ಯಸಿಸಿದರು. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ಪ್ರಯೋಗಾಲಯವನ್ನೂ ಕಟ್ಟಿದರು. ಪ್ರಾಣಿಯನ್ನು ಬಳಸದೆಯೂ ಕೆಲವು ಪ್ರಶ್ನೆಗಳಿಗೆ ಉತ್ತರ ಪಡೆಯುವ ದಾರಿ ಅದು.

ಧರ್ಮದ ಪ್ರಶ್ನೆಗೆ ಬರೋಣ. ಸೃಷ್ಟಿಯೆಲ್ಲ ಮನುಷ್ಯನ ಭೋಗಕ್ಕೆಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಅಹಂಕಾರವಲ್ಲದೆ ಮತ್ತೇನೂ ಇಲ್ಲ. ಇಂಥ ಜ್ಞಾನವೇ ನಿಷಿದ್ಧವೆನ್ನುವವರೂ ಇದ್ದಾರೆ. ಅವರಲ್ಲಿ ನಮಗೆ ಗೌರವವಿದೆ. ಆದರೆ ತಾಯಿಗೆ ವ್ಯಾಧಿ ಬಂದಾಗ ಅವರೂ ಆಸ್ಪತ್ರೆಯ ಬಾಗಿಲಿಗೇ ಹೋಗುತ್ತಾರೆ. ಟ್ಯಾಮಾಕ್ಸಿಫೆನ್ ಎಂಬ ಗುಳಿಗೆಯು ಇಲಿಗಳ ಸ್ತನದಲ್ಲಿ ಗಡ್ಡೆ ಹುಟ್ಟದಂತೆ ತಡೆಯುವುದೆಂದು 1970ರ ದಶಕದಲ್ಲಿ ತಿಳಿಯಿತು. ಅಪಾಯ ಹೆಚ್ಚಿದ್ದ ಸ್ತ್ರೀಯರಲ್ಲಿ ಅದು ರೋಗವನ್ನು ಸುಮಾರು ಅರ್ಧಕ್ಕೆ ಇಳಿಸಿತೆಂದು 1998ರಲ್ಲಿ ಸಿದ್ಧಪಟ್ಟಿತು. ಇದನ್ನು ತಿಂದು ಬದುಕಿದವರು ಶುದ್ಧರಲ್ಲವೆನ್ನಲು ನಮಗೆ ನಾಲಿಗೆ ಏಳದು.

"ಆ ಇಲಿಗೆ ಏನ್ ದಕ್ಕಿತ್ರಿ?" ಎಂದು ಮೂಡಲಗಿಯ ಒಬ್ಬ ಒಕ್ಕಲಿಗರು ಕೇಳಿದ್ದುಂಟು. ಎತ್ತಿಗಾದರೆ ಮೇವು, ನೆರಳು, ಕಾರಹುಣ್ಣಿಮೆಯ ಸಿಂಗಾರವಾದರೂ ಉಂಟು; ಇಲಿಗೆ ಏನೂ ದಕ್ಕಲಿಲ್ಲ. ಹಾಗಾದಮೇಲೆ ಅದು ಪುಣ್ಯದ ಲೆಕ್ಕವಲ್ಲ, ನಮ್ಮ ಮೇಲಿನ ಋಣ. ಒಂದು ಪ್ರಾಣಿ ಸಾಕಾದಲ್ಲಿ ಹತ್ತನ್ನು ಕೊಲ್ಲದಿರುವುದು, ಗೊತ್ತಿದ್ದುದನ್ನೇ ತಿಳಿಯಲು ಮತ್ತೆ ನೋಯಿಸದಿರುವುದು ಆ ಋಣದ ಒಂದು ಕಂತು. ಭಾರತದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಪ್ರಯೋಗವನ್ನು ನಿಷೇಧಿಸದೆ, ಅನಾವಶ್ಯಕ ನೋವನ್ನು ತಡೆಯಲು ಸಮಿತಿಗೆ ಎಡೆಮಾಡಿದೆ.

ಇಲಿ ಮನುಷ್ಯನಲ್ಲವೆಂಬ ಆಕ್ಷೇಪವೂ ಸಹಜ. ಆದರೆ 1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಾಂಬು ಬಿದ್ದಾಗ ಬದುಕುಳಿದ ಸ್ತ್ರೀಯರಲ್ಲಿ, ಅದರಲ್ಲಿಯೂ ಆಗ ಬಾಲೆಯರಾಗಿದ್ದವರಲ್ಲಿ, ಮುಂದೆ ಸ್ತನಕ್ಯಾನ್ಸರು ಹೆಚ್ಚಿತು. ಇಲಿಗಳು ಮೊದಲೇ ತೋರಿಸಬಹುದಾಗಿದ್ದುದನ್ನು ಆ ಮಕ್ಕಳು ತೋರಿಸಬೇಕಾಯಿತು. ಪ್ರಯೋಗಶಾಲೆಯ ಹಿಂಸೆಗೆ ಮರುಗುವವರು ಈ ಹಿಂಸೆಯನ್ನು ಮರೆಯಬಾರದು.

ಋಣದ ಇನ್ನೊಂದು ಕಂತು ನಮ್ಮ ಮನೆಗಳಲ್ಲಿಯೇ ಬಾಕಿ ಇದೆ. ಹುಕ್ಕೇರಿಯ ಸೀಮೆಯಲ್ಲಿ ಎದೆಯ ಗಂಟನ್ನು ಸೊಸೆಗೂ ಹೇಳದೆ ಸೆರಗಿನಲ್ಲಿ ಮುಚ್ಚಿಟ್ಟು ವರುಷ ಕಳೆಯುವ ತಾಯಂದಿರನ್ನು ನಾವು ಬಲ್ಲೆವು. ನೋವಿಲ್ಲವೆಂದು ಸುಮ್ಮನಿರುತ್ತಾರೆ, ಆರಂಭದ ಗಂಟು ಬಹುಮಟ್ಟಿಗೆ ನೋಯುವುದೇ ಇಲ್ಲ. ನೂರು ವರ್ಷ ಪಂಜರದಲ್ಲಿ ಸತ್ತ ಜೀವಿಗಳು ಕೊಟ್ಟ ಅರಿವು ಒಂದು ಸೆರಗಿನ ಸಂಕೋಚಕ್ಕೆ ಸೋಲುತ್ತಿದೆ. ಬರುವ ಅಮಾವಾಸ್ಯೆಯಂದು ಮಠಕ್ಕೆ ಬರುವ ತಾಯಂದಿರೊಡನೆ ಈ ಮಾತನ್ನು ನಾವೇ ಆಡಲಿದ್ದೇವೆ. ಗಂಡಸರು ಎದ್ದು ಹೊರಗೆ ಹೋಗದೆ ಕುಳಿತು ಕೇಳಲಿ. ಬೆಳಗಾವಿಯ ಬಸ್ಸಿಗೆ ಜೊತೆಯಾಗಿ ಹತ್ತಬೇಕಾದವರು ಅವರೇ.