ಕತ್ತೆಗೆ ಕಂಡಿತು, ಪ್ರವಾದಿಗೆ ಕಾಣಲಿಲ್ಲ

 

ಅರಣ್ಯಕಾಂಡ 22ನೇ ಅಧ್ಯಾಯ, 21ರಿಂದ 35ನೇ ವಚನಗಳು. ಫೋನಲ್ಲಿ ಬೈಬಲ್ ಇರೋರು ಅದರಲ್ಲೇ ತೆಗೀರಿ. ಇಲ್ಲಿ ಕೂತಿದ್ದೀರಿ, ಪರವಾಗಿಲ್ಲ. ಇವತ್ತಿನ ಸಂದೇಶ ರಸ್ತೆಯಲ್ಲಿ ಫೋನ್ ನೋಡ್ತಾ ನಡೆಯೋರಿಗೆ.

ಬಿಳಾಮ ಕತ್ತೆ ಹತ್ತಿ ಹೊರಟಿದ್ದಾನೆ. ಅರಸನಾದ ಬಾಲಾಕ ದೊಡ್ಡ ಸನ್ಮಾನ ಮಾಡ್ತೀನಿ ಅಂತ ಹೇಳಿಕಳಿಸಿದ್ದಾನೆ. ದಾರಿಯಲ್ಲಿ ಯೆಹೋವನ ದೂತನು ಬಿಚ್ಚುಗತ್ತಿ ಹಿಡಿದು ನಿಂತಿದ್ದಾನೆ. ಕತ್ತೆಗೆ ಕಂಡಿತು. ಅದು ಮೊದಲು ಹೊಲಕ್ಕೆ ನುಗ್ಗಿತು, ಆಮೇಲೆ ಗೋಡೆಗೆ ಒತ್ತಿಕೊಂಡಿತು, ಕೊನೆಗೆ ಮಲಗೇಬಿಟ್ಟಿತು. ಮೂರು ಸಲವೂ ಬಿಳಾಮ ಹೊಡೆದ. ಅವನು ದರ್ಶನ ನೋಡುವವನು, ಕಣ್ಣು ತೆರೆದೇ ಇತ್ತು. ಆದರೆ ಮನಸ್ಸು ಬಾಲಾಕನ ಅರಮನೆಯಲ್ಲಿತ್ತು.

ಪ್ರಿಯರೇ, ಕಣ್ಣು ತೆರೆದಿದ್ದರೆ ಸಾಲದು. ಅಮೆರಿಕದ ಒಂದು ಯೂನಿವರ್ಸಿಟಿಯವರು ಮಾಡಿದ ಅಧ್ಯಯನವೊಂದು 2009ರಲ್ಲಿ ಬಂತು. ಕ್ಯಾಂಪಸ್ಸಿನ ಮಧ್ಯೆ ಒಬ್ಬ ಜೋಕರ್, ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು ಒಂದೇ ಚಕ್ರದ ಸೈಕಲ್ ಓಡಿಸ್ತಿದ್ದ. ದಾಟಿಬಂದವರನ್ನ ಕೇಳಿದರು, ಅವನನ್ನ ನೋಡಿದ್ರಾ ಅಂತ. ಒಂಟಿಯಾಗಿ ಸುಮ್ಮನೆ ನಡೆದವರಲ್ಲಿ ಸುಮಾರು ಅರ್ಧ ಜನ ನೋಡಿದ್ದರು. ಫೋನಲ್ಲಿ ಮಾತಾಡ್ತಾ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ. ಅವರು ಸ್ಕ್ರೀನ್ ನೋಡ್ತಿರಲಿಲ್ಲ, ಬರೀ ಮಾತಾಡ್ತಿದ್ದರು!

ಈಗ ನಮ್ಮ ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಮೆಜೆಸ್ಟಿಕ್ ನೆನೆಸಿಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಬರುತ್ತೆ. ನೀವು ಒಂದು ಮೆಸೇಜ್ ಓದೋಕೆ ಮೂರು ಸೆಕೆಂಡ್ ತಗೊಂಡ್ರೆ ಅದು 33 ಮೀಟರ್ ಹತ್ತಿರ ಬಂದಾಯ್ತು. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಸದ್ದೂ ಇಲ್ಲ.

ಫುಟ್‌ಪಾತ್ ಸರಿಯಿಲ್ಲ, ಅದರ ಮೇಲೇ ಬೈಕ್ ಬರ್ತಾವೆ ಅಂತೀರಿ. ನಿಜ. ಅದು ತಪ್ಪೇ. ಆದರೆ ದಾರಿ ಕೆಟ್ಟಿದ್ದಷ್ಟೂ ಕಣ್ಣು ಜಾಸ್ತಿ ಬೇಕಲ್ವಾ?

‘ಪಾಸ್ಟರ್, ನಾನು ವರ್ಷಿಪ್ ಸಾಂಗ್ ಕೇಳ್ತಿದ್ದೆ’ ಅಂತೀರಿ. ಬಿಳಾಮನೂ ದೇವರ ಮಾತು ಕೇಳಿದವನೇ, ಮರೀಬೇಡಿ.

ಇನ್ನೊಂದು ವಿಷಯ ಗಮನಿಸಿ. ಬಿಳಾಮ ಹೊಡೆದಿದ್ದು ಯಾರನ್ನ? ತನ್ನ ಪ್ರಾಣ ಉಳಿಸಿದ ಕತ್ತೆಯನ್ನ! ಹಾರ್ನ್ ಹೊಡೆದ ಆಟೋ ಅಣ್ಣನ ಮೇಲೆ ಸಿಟ್ಟು. ಕೈ ಹಿಡಿದು ಹಿಂದಕ್ಕೆ ಎಳೆದ ಗೆಳತಿ ಮೇಲೆ ಸಿಟ್ಟು. ‘ಫೋನ್ ಒಳಗಿಡು ಮಗಾ’ ಅನ್ನೋ ಅಮ್ಮನ ಮೇಲಂತೂ ದಿನಾ ಸಿಟ್ಟು. ನಿಮ್ಮನ್ನ ತಡೆದವರಿಗೆ ಏನು ಕಂಡಿತ್ತು ಅಂತ ಒಮ್ಮೆ ಕೇಳಿ.

ರಸ್ತೆಯಲ್ಲಿರೋದು ಅಪಾಯ ಮಾತ್ರ ಅಲ್ಲ, ನೆರೆಯವನೂ ಅಲ್ಲೇ ಇದ್ದಾನೆ. ಲೂಕ 10ರಲ್ಲಿ ಯಾಜಕ ಗಾಯಗೊಂಡವನನ್ನ ನೋಡಿ ಓರೆಯಾಗಿ ಹೋದ. ನಾವು ನೋಡೋದೂ ಇಲ್ಲ! ದಾಟಲಾಗದೆ ನಿಂತ ಅಜ್ಜಿ, ಕೋಲು ಹಿಡಿದ ಕುರುಡ ಅಣ್ಣ, ಇವರನ್ನ ಯಾರು ನೋಡಬೇಕು? ನೀವು ದಿಢೀರ್ ಅಂತ ಬಸ್ಸಿನ ಮುಂದೆ ಬಂದರೆ ಆ ಡ್ರೈವರ್ ಕೂಡ ನಿಮ್ಮ ನೆರೆಯವನೇ. ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಆ ಒಂದು ನಿಮಿಷವನ್ನ ಅವನು ಜೀವನವೆಲ್ಲಾ ಹೊರಬೇಕು.

ಹಾಗಾದರೆ ಈ ವಾರ ಏನು ಮಾಡೋಣ? ದಾಟುವ ಮುಂಚೆ ಫೋನ್ ಜೇಬಿಗೆ, ಇಯರ್‌ಫೋನ್ ಕೈಗೆ. ಕಾಲ್ ಬಂದರೆ ಪಕ್ಕಕ್ಕೆ ನಿಂತು ಮಾತಾಡಿ, ಇಲ್ಲಾಂದ್ರೆ ‘ರಸ್ತೇಲಿದ್ದೀನಿ, ಆಮೇಲೆ ಮಾಡ್ತೀನಿ’ ಅನ್ನಿ. ಆಫೀಸಿನ ಮೇಲಧಿಕಾರಿಗೂ ಅದನ್ನೇ ಹೇಳಿ. ತಲೆಯೆತ್ತಿದಾಗ ಪಕ್ಕದಲ್ಲಿ ಯಾರಿದ್ದಾರೆ ನೋಡಿ.

ಬಿಳಾಮನ ಕಣ್ಣು ತೆರೆದವನು ಕರ್ತನೇ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ತಂದೆಯೇ, ನಮ್ಮ ಕಣ್ಣು ತೆರೆಯಿರಿ. ನಮ್ಮನ್ನು ತಡೆಯುವವರಿಗಾಗಿ ಸ್ತೋತ್ರ. ಈ ಮಕ್ಕಳೆಲ್ಲರೂ ಸಂಜೆ ಸುರಕ್ಷಿತವಾಗಿ ಮನೆ ಸೇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.