ಹಾಯಗಡದಲ್ಲಿ ಕೇಳಿದ ಮಾತು

ಪ್ರಿಯರೇ, ನ್ಯಾಯಸ್ಥಾಪಕರು ಎಂಬ ಪುಸ್ತಕದ 12ನೇ ಅಧ್ಯಾಯದಲ್ಲಿ ದುಃಖಕರವಾದ ಒಂದು ಸಂಗತಿಯುಂಟು. ಯುದ್ಧದಲ್ಲಿ ಸೋತು ಓಡಿಬಂದ ಎಫ್ರಾಯೀಮ್ಯರನ್ನು ಗಿಲ್ಯಾದ್ಯರು ಯೊರ್ದನ್ ಹೊಳೆಯ ಹಾಯಗಡದಲ್ಲಿ ತಡೆದು, ಷಿಬ್ಬೋಲೆತ್ ಎಂಬ ಮಾತನ್ನು ನುಡಿಯಹೇಳಿದರು. ಅವರ ನಾಲಿಗೆಗೆ ಅದು ಸಿಬ್ಬೋಲೆತ್ ಎಂದೇ ಬಂತು. ಆ ಒಂದು ಅಕ್ಷರದ ನಿಮಿತ್ತ ಅವರು ಹತರಾದರು. ನಾಲಿಗೆಯ ಭೇದವು ಕೊಲ್ಲುವದಕ್ಕೆ ಸಾಕಾಯಿತು. ಅದೇ ಭೇದವನ್ನು ದಾಟಿ ಬದುಕಿಸುವ ಕೆಲಸವೂ ಉಂಟು. ಅದನ್ನು ನಾವು ಈ ಹೊತ್ತು ಧ್ಯಾನಿಸೋಣ.

ನಮ್ಮ ಜಿಲ್ಲೆಯ ಘಟ್ಟದ ಮೇಲೆ, ಮುಂಡಗೋಡಿನಲ್ಲಿ, ಟಿಬೇಟಿನ ಜನರಿರುವರೆಂದು ನೀವು ಬಲ್ಲಿರಿ. 1959ರಲ್ಲಿ ದಲೈ ಲಾಮರು ದೇಶಬಿಟ್ಟು ಬಂದ ಮೇಲೆ ಸಾವಿರಾರು ಮಂದಿ ಹಿಮದ ಬೆಟ್ಟಗಳನ್ನು ದಾಟಿ ಬಂದರು. 1966ರಲ್ಲಿ ಇಲ್ಲಿ ಅವರ ವಸತಿಯು ಏರ್ಪಟ್ಟಿತು. ಚಳಿಯ ದೇಶದಿಂದ ಸೆಕೆಯ ದೇಶಕ್ಕೆ ಬಂದು ಇಕ್ಕಟ್ಟಾದ ಬಿಡಾರಗಳಲ್ಲಿದ್ದ ಈ ಜನರನ್ನು ಕ್ಷಯರೋಗವು ಬಹಳವಾಗಿ ಬಾಧಿಸಿತು. ಇಂದಿಗೂ ಅದು ಅವರನ್ನು ಬಿಟ್ಟುಹೋಗಿಲ್ಲ.

ಕಾರವಾರದಲ್ಲಿ 2016ರಿಂದ ಸರಕಾರದ ವೈದ್ಯಕೀಯ ಕಾಲೇಜುಂಟು. ದೂರದ ಊರಿನಿಂದ ಅಲ್ಲಿ ಕಲಿಯಬಂದ ಯೌವನಸ್ಥನಿಗೆ ಅಂಕೋಲೆಯ ಹಾಲಕ್ಕಿ ಮುದುಕಿಯ ಮಾತೂ ತೀರದವರ ಕೊಂಕಣಿಯೂ ಹೊಸವೇ. ಹೀಗಿರಲಾಗಿ ಟಿಬೇಟಿನವನೊಬ್ಬನು ಎದುರಿಗೆ ಕೂತರೆ ಏನು ಮಾಡಬೇಕು? ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಕೆಲವು ವಾರಗಳಲ್ಲಿಯೇ ಕೆಮ್ಮು ತಗ್ಗುವದು. ಗುಣವಾಯಿತೆಂದು ಗುಳಿಗೆ ಬಿಟ್ಟರೆ, ಔಷಧಕ್ಕೆ ಬಗ್ಗದ ರೋಗವು ತಿರಿಗಿ ಏಳಬಹುದು. ಆರು ತಿಂಗಳೆಂಬ ಮಾತು ಮುಟ್ಟದೆ ಹೋದರೆ ಪ್ರಾಣಕ್ಕೇ ಅಪಾಯ. ರೋಗಿಯು ತಲೆಯಾಡಿಸಿದ ಮಾತ್ರಕ್ಕೆ ತಿಳಿದುಕೊಂಡನೆಂದಲ್ಲ. ಚಿಕ್ಕ ಮಗನನ್ನು ದುಭಾಷಿಯಾಗಿ ನಿಲ್ಲಿಸಿದರೆ ತಾಯಿಯು ಗುಪ್ತವಾದ ಬಾಧೆಯನ್ನು ಹೇಳಲಾರಳು. ಅವರ ದೇಶದ ವೈದ್ಯನು ನಾಡಿ ನೋಡಿ ಕೊಟ್ಟ ಮೂಲಿಕೆಯ ಗುಳಿಗೆಯನ್ನು ಹಾಸ್ಯಮಾಡಿದರೆ ರೋಗಿಯು ಅದನ್ನು ಬಚ್ಚಿಡುವನು, ಮರುದಿನ ಬಾರದೆ ಹೋಗುವನು.

ಆದದರಿಂದ ವಿವೇಕಿಯಾದ ವೈದ್ಯನು ಪ್ರಾಯಸ್ಥನಾದ ದುಭಾಷಿಯನ್ನು ಕರೆಯುವನು. ಹೇಳಿದ್ದನ್ನು ರೋಗಿಯ ಬಾಯಿಂದಲೇ ತಿರಿಗಿ ಹೇಳಿಸುವನು. ಬೇರೆ ಏನು ಸೇವಿಸುತ್ತೀರೆಂದು ಮರ್ಯಾದೆಯಿಂದ ಕೇಳುವನು. ನೋಡಿರಿ, ಇಲ್ಲಿಯೂ ಹಾಯಗಡದಲ್ಲಿ ಒಂದು ಮಾತನ್ನು ಕೇಳುತ್ತಾರೆ. ಆದರೆ ಕೊಲ್ಲುವದಕ್ಕಲ್ಲ, ದಾಟಿಸುವದಕ್ಕೆ.

ಯೇಸುಸ್ವಾಮಿಯು ಹೇಳಿದ ಸಾಮ್ಯದಲ್ಲಿ ಸಮಾರ್ಯದವನು ಗಾಯಪಟ್ಟವನ ಕುಲವನ್ನು ವಿಚಾರಿಸಲಿಲ್ಲ. ಗಾಯ ಕಟ್ಟಿದ್ದಲ್ಲದೆ, ತಿರಿಗಿ ಬರುವೆನೆಂದು ಛತ್ರದವನಿಗೆ ಮಾತು ಕೊಟ್ಟನು. ಒಂದು ದಿನದ ಕನಿಕರವು ಸುಲಭ. ಆರು ತಿಂಗಳ ಕನಿಕರವೇ ಪ್ರೀತಿ.

ಸಹೋದರರೇ, ಸಹೋದರಿಯರೇ, ಮನೆಯನ್ನು ಕಳಕೊಳ್ಳುವದು ಏನೆಂದು ನಮ್ಮ ಸೀಮೆಯೂ ಬಲ್ಲದು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ಎಷ್ಟೋ ಕುಟುಂಬಗಳು ತಮ್ಮ ಗದ್ದೆ, ತೋಟ, ಕಡಲತೀರಗಳನ್ನು ಬಿಟ್ಟು ಎದ್ದವು. ತಾವು ಐಗುಪ್ತದಲ್ಲಿ ಪರದೇಶಿಗಳಾಗಿದ್ದುದನ್ನು ಮರೆಯಬಾರದೆಂದು ದೇವರು ಇಸ್ರಾಯೇಲ್ಯರಿಗೆ ಆಜ್ಞಾಪಿಸಲಿಲ್ಲವೇ? ನಿಮ್ಮಲ್ಲಿ ಹಣವಿಲ್ಲದಿರಬಹುದು, ಕನ್ನಡವನ್ನೂ ಕೊಂಕಣಿಯನ್ನೂ ಬಲ್ಲ ನಾಲಿಗೆಯುಂಟು. ಆಸ್ಪತ್ರೆಯ ಜಗಲಿಯಲ್ಲಿ ಮಾತು ತಿಳಿಯದೆ ಕೂತವನನ್ನು ಕಂಡರೆ ಹತ್ತಿರ ಹೋಗಿರಿ. ಅವನು ಒಪ್ಪಿದರೆ ಅವನ ಮಾತಿಗೆ ಕೂಡಿಸದೆ, ಕಳೆಯದೆ ವೈದ್ಯನಿಗೆ ತಿಳಿಸಿರಿ. ಕೇಳಿದ್ದನ್ನು ಊರಲ್ಲಿ ಹರಡಬೇಡಿರಿ. ನಮ್ಮ ನಾಲಿಗೆಯು ಪರದೇಶಿಗೆ ತಡೆಯಾಗದೆ ದೋಣಿಯಾಗುವಂತೆ ಕರ್ತನು ಕೃಪೆಮಾಡಲಿ. ಆಮೆನ್.