ಯಾವ ಮೊದಲಿನ ಹಾಗೆ?

ಹಳೇ ಸೈಕಲ್ಲನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿ ‘ಮೊದಲಿನ ಹಾಗೆ’ ಮಾಡೋ ಹುಚ್ಚು ಈಗ ಬಹಳ ಜನಕ್ಕಿದೆ. ಬೆಂಗಳೂರಿನ ನಮ್ಮ ಆಫೀಸಲ್ಲೇ ಮೂವರಿದ್ದಾರೆ. ಎಂಬತ್ತು-ತೊಂಬತ್ತರ ದಶಕದ ಮೌಂಟನ್ ಬೈಕ್ ಒಂದು ಸಿಕ್ಕರೆ ಅದೇ ಕಾಲದ ಬ್ರೇಕ್ ಲಿವರ್, ಅದೇ ಕಾಲದ ಸ್ಟಿಕ್ಕರ್ ಹುಡುಕ್ತಾ ತಿಂಗಳುಗಟ್ಟಲೆ ಕಾಯ್ತಾರೆ. ನನಗೂ ಆ ಹುಚ್ಚು ಸ್ವಲ್ಪ ಇದೆ. ಆದರೆ ಮೊದಲಿನ ಹಾಗೆ ಅಂದರೆ ಯಾವ ಮೊದಲು? ಫ್ಯಾಕ್ಟರಿಯಿಂದ ಹೊರಬಿದ್ದ ದಿನದ್ದಾ, ಅಥವಾ ಒಬ್ಬ ಮನುಷ್ಯ ಅದರ ಮೇಲೆ ಸಂಸಾರ ಹೇರಿಕೊಂಡು ತಿರುಗಿದ ಇಪ್ಪತ್ತು ವರ್ಷದ್ದಾ?

ತಮಾಷೆ ಏನಪ್ಪಾ ಅಂದರೆ, ಮೌಂಟನ್ ಬೈಕ್ ಹುಟ್ಟಿದ್ದೇ ‘ಒರಿಜಿನಲ್’ ಅನ್ನೋದಕ್ಕೆ ಮರ್ಯಾದೆ ಕೊಡದವರ ಕೈಯಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಮೂವತ್ತು-ನಲವತ್ತು ವರ್ಷ ಹಳೆಯ ದಪ್ಪ ಟೈರಿನ ಶ್ವಿನ್ ಸೈಕಲ್‌ಗಳನ್ನು ಎಲ್ಲೆಲ್ಲಿಂದಲೋ ಎತ್ತಿಕೊಂಡು ಬಂದು ಟಮಲ್‌ಪೈಸ್ ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸ್ತಿದ್ದರು. 1976ರಲ್ಲಿ ಶುರುವಾದ ಅವರ ಪಂದ್ಯದ ಹೆಸರು ‘ರಿಪ್ಯಾಕ್’. ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಬ್ರೇಕು ಕಾದು, ಹಬ್ಬಿನೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗ್ತಿತ್ತಂತೆ. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು, ಅದಕ್ಕೇ ಆ ಹೆಸರು. ಆ ಹಳೇ ಸೈಕಲ್‌ಗಳಿಗೆ ಗೇರ್ ಹಾಕಿದರು, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರ್ ಹಾಕಿದರು. 1977ರಲ್ಲಿ ಜೋ ಬ್ರೀಜ್ ಇದಕ್ಕಂತಲೇ ಹೊಸ ಫ್ರೇಮ್ ಕಟ್ಟಿದ, 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಕಂಪನಿ ತೆಗೆದರು. ಅಂಥ ಸೈಕಲ್ಲಿನ ವಂಶದ್ದಕ್ಕೆ ನಾವೀಗ ‘ಬೋಲ್ಟು ಒರಿಜಿನಲ್ಲಾ?’ ಅಂತ ಕೇಳ್ತಾ ಕೂತಿದ್ದೀವಿ.

ನಮ್ಮ ಕಡೆ ದಪ್ಪ ಟೈರಿನ ಸೈಕಲ್ ಬಂದಿದ್ದು ರೇಂಜರ್ ಅನ್ನೋ ಹೆಸರಲ್ಲಿ. ಹೀರೋ ಕಂಪನಿ ಇಟ್ಟ ಹೆಸರದು. ಆಮೇಲೆ ಯಾವ ಕಂಪನಿಯದಾದರೂ ರೇಂಜರ್ರೇ ಆಯ್ತು. ಶಿರಗುಪ್ಪಿ ಸುತ್ತಮುತ್ತ ಮೌಂಟನ್ ಎಲ್ಲಿಂದ ಬರಬೇಕು? ಕೃಷ್ಣಾ ಹೊಳೆ, ಎರಿಮಣ್ಣು, ಕಬ್ಬು, ಇಷ್ಟೇ. ಆದರೆ ಮಳೆಗಾಲದಲ್ಲಿ ದೊಡ್ಡ ಸೈಕಲ್ಲಿನ ಮಡ್‌ಗಾರ್ಡಿನೊಳಗೆ ಎರಿಮಣ್ಣು ತುಂಬಿ ಚಕ್ರವೇ ತಿರುಗೋದಿಲ್ಲ. ಮಡ್‌ಗಾರ್ಡ್ ಕಿತ್ತೆಸೆದ ರೇಂಜರ್ ಮಾತ್ರ ಹೊಲದ ದಾರಿಯಲ್ಲಿ ಹೆಂಗೋ ಎಳೆದುಕೊಂಡು ಬರ್ತಿತ್ತು. ನಮ್ಮ ಕಾಕಾನ ಹತ್ತಿರ ಅಂಥದ್ದೊಂದಿತ್ತು. ಡೇರಿಗೆ ಹಾಲು, ಎಮ್ಮೆಗೆ ಕಬ್ಬಿನ ಸೋಗೆ, ಶಾಲೆಗೆ ನಾವು, ಎಲ್ಲ ಅದರ ಮೇಲೆ. 2019ರ ಆಗಸ್ಟಿನ ಮಹಾಪೂರದಲ್ಲಿ ಹೊಳೆ ಕಡೆಯ ಹೊಲದ ಶೆಡ್ಡಿನಲ್ಲಿ ದಿನಗಟ್ಟಲೆ ನೀರೊಳಗೆ ನಿಂತದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ.

ದೀಪಾವಳಿಗೆ ಹೋದಾಗ ಒಂದಿಷ್ಟು ವರ್ಕ್ ಫ್ರಮ್ ಹೋಮ್ ಸೇರಿಸಿಕೊಂಡು ಅಂಗಳದಲ್ಲಿ ಅದನ್ನು ಬಿಚ್ಚಿ ಹಾಕಿದೆ. ಸೀಟಿನ ಪೈಪು ತುಕ್ಕು ಹಿಡಿದು ಅಂಟಿತ್ತು. ಚಿಮಣಿ ಎಣ್ಣೆ, ಡೀಸೆಲ್ ಸೇರಿಸಿ ದಿನಕ್ಕೆರಡು ಸಲ ಹಾಕಿದ ಮೇಲೆ ನಾಲ್ಕನೇ ದಿನ ಅಲುಗಾಡಿತು. ಪೆಡಲ್ ಅಚ್ಚಿನ ಕಪ್ ಬಿಚ್ಚಿದರೆ ಒಳಗಿಂದ ಮಹಾಪೂರದ ಒಣ ಮಣ್ಣು ಉದುರಿತು. ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು ಬೇರಿಂಗ್ ಗುಂಡು, ಒಂದೂ ನುಣುಪಾಗಿ ಉಳಿದಿರಲಿಲ್ಲ. ಫ್ರೇಮಿನ ಪೈಪುಗಳನ್ನು ಒಂದೊಂದಾಗಿ ಸ್ಕ್ರೂ ಡ್ರೈವರ್‌ನಿಂದ ತಟ್ಟಿ, ಚುಚ್ಚಿ ನೋಡಿದೆ. ಗಟ್ಟಿ ಇತ್ತು. ಹ್ಯಾಂಡಲ್ಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು, ದುಬಾರಿ ಪಾಲಿಶ್ ಬೇಡ. ಗುಂಡು, ಚೈನು, ಬ್ರೇಕ್ ಶೂ, ಕೇಬಲ್, ಟೈರು, ಟ್ಯೂಬು ಮಿರಜಿಂದ ಹೊಸದಾಗಿ ಬಂದವು.

ಈ ಭಾಗಗಳ ವಿಷಯದಲ್ಲಿ ತತ್ವಜ್ಞಾನದ ಗೊಡವೆಯೇ ಇಲ್ಲ ನೋಡಿ. ಹಳೇ ಬ್ರೇಕ್ ಶೂಗೆ ಎಷ್ಟೇ ಇತಿಹಾಸ ಇರಲಿ, ಬ್ರೇಕ್ ಹಿಡೀದಿದ್ದರೆ ಕಸ. ಓಡೋದಕ್ಕೆ ಬೇಕಿಲ್ಲದ್ದರಲ್ಲೇ ತಕರಾರು ಹುಟ್ಟೋದು.

ಮಣ್ಣು ತೊಳೆದ ಮೇಲೆ ಕಂಡಿದ್ದು ಇಷ್ಟು: ಬಿಸಿಲಿಗೆ ಇಟ್ಟಂಗಿ ಬಣ್ಣಕ್ಕೆ ತಿರುಗಿದ ಕೆಂಪು, ಮೇಲಿನ ಪೈಪಿನಲ್ಲಿ ನಾವು ಹುಡುಗರು ಕೂತು ಕೂತು ಸವೆದು ಕಬ್ಬಿಣ ಕಾಣೋ ಒಂದು ಗೇಣು ಜಾಗ, ಹಿಂದೆ ವೆಲ್ಡಿಂಗ್ ಅಂಗಡಿಯವನು ಬಡಿದುಕೊಟ್ಟ ದಪ್ಪ ಕ್ಯಾರಿಯರ್, ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕೋ ಹುಕ್ಕು. ಬಣ್ಣ ಹೊಡೆಯೋದು ಬೇಡ, ಮೇಲೊಂದು ಲ್ಯಾಕರ್ ಕೋಟ್ ಕೊಟ್ಟು ಹಾಗೇ ಇಡೋಣ ಅಂದುಕೊಂಡೆ. ಹಳೇ ಕೋಡಿನಲ್ಲಿ ವಿಚಿತ್ರವಾದ ‘ಇಫ್’ ಕಂಡರೆ ನಾವು ತಕ್ಷಣ ಅಳಿಸೋದಿಲ್ಲ. ಯಾರೋ ಯಾವುದೋ ರಾತ್ರಿ ಯಾವುದೋ ಬಗ್ ತಡೆಯೋಕೆ ಹಾಕಿರ್ತಾರೆ. ಸವೆದ ಬಣ್ಣವೂ ಹಾಗೇ ಅಂತ ನನ್ನ ವಾದ.

ಕಾಕಾ ಚಹಾ ಕಪ್ಪು ಹಿಡಿದುಕೊಂಡು ಬಂದು, “ಬಣ್ಣ ಯಾವಾಗ ಹೊಡೀತಿ ತಮ್ಮಾ?” ಅಂದ.

“ಹೊಡ್ಯಾಂಗಿಲ್ಲ ಕಾಕಾ. ಹಿಂಗೇ ಚಂದ ಐತಿ. ನೀ ದುಡದದ್ದೆಲ್ಲಾ ಇದರ ಮ್ಯಾಲೆ ಕಾಣತೈತಿ.”

“ನಾ ದುಡದದ್ದ ನನ್ನ ಬೆನ್ನಾಗ ಐತಿ, ಅದನ್ನ ಸೈಕಲ್ ಮ್ಯಾಲೆ ಯಾಕ ನೋಡಬೇಕ? ತಂದ ಹದಿನೈದ ದಿನಕ್ಕ ಹುಕ್ಕ ಬಡಿಸಿದ್ನಿ. ಹೊಸಾದು ಅಂತ ನಾ ಓಡಿಸಿದ್ದ ಹದಿನೈದ ದಿನಾ. ಇನ್ನೊಮ್ಮೆ ಕೆಂಪ ನೋಡೂಣು ಅಂದ್ರ ನೀ ಬ್ಯಾಡ ಅಂತಿ.”

ಕಾಕಿ ಒಳಗಿಂದಲೇ ಕೂಗಿದಳು: “ಹುಕ್ಕ ತಗೀಬ್ಯಾಡ್ರಿ, ಸಂತಿ ಚೀಲಾ ಹಾಕಾಕ ಬರ್ತೈತಿ.”

ಭಾಗಗಳೆಲ್ಲ ಬದಲಾದ ಮೇಲೆ ವಸ್ತು ಅದೇನಾ ಅನ್ನೋದು ಹಳೇ ಪ್ರಶ್ನೆ. ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳ್ತಾನೆ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಅಂತ. ಗ್ರೀಕರು ಥೀಸಿಯಸ್ಸನ ಹಡಗಿನ ಬಗ್ಗೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನನ್ನ ಮುಂದೆ ಇದ್ದದ್ದು ಬೇರೆ. ಸೈಕಲ್ ಅದೇನೇ ಅನ್ನೋದರಲ್ಲಿ ನನಗಾಗಲಿ ಕಾಕಾಗಾಗಲಿ ಅನುಮಾನ ಇರಲಿಲ್ಲ. ಅದರ ಮೈಮೇಲಿನ ಗುರುತು ಇರಬೇಕೋ ಹೋಗಬೇಕೋ ಅಂತ ಹೇಳೋ ಹಕ್ಕು ಯಾರದು, ಅದಷ್ಟೇ ಪ್ರಶ್ನೆ. ಸವಕಲಿಗೆ ಮಾರುಕಟ್ಟೆಯಲ್ಲೂ ಬೆಲೆ ಇದೆ. ಹರಿದ ಜೀನ್ಸಿಗೆ, ಹಳೇ ಬಾಗಿಲಿಗೆ, ತುಕ್ಕು ಹಿಡಿದ ಬೋರ್ಡಿಗೆ ಬೆಂಗಳೂರಿನ ಕೆಫೆಗಳಲ್ಲಿ ಎಷ್ಟು ಗೌರವ! ಸವೆಸಿದವರು ಒಬ್ಬರು, ಚಂದ ಅನ್ನೋರು ಇನ್ನೊಬ್ಬರು. ಚಂದ ಅನ್ನೋಕೆ ಸ್ವಲ್ಪ ದೂರ ನಿಂತಿರಬೇಕು. ಆ ದೂರ ನನಗೆ ಸಿಕ್ಕಿದ್ದು ಬಿಇ ಓದಿದ್ದರಿಂದ, ಓದಿನ ಫೀಸಿನಲ್ಲಿ ಆ ಹುಕ್ಕಿಗೆ ನೇತಾಡಿದ ಹಾಲೂ ಇತ್ತು.

ಹಾಗಂತ ಕಾಕಾನ ಮಾತೇ ಪೂರ್ತಿ ಅಂತಲೂ ಅನ್ನಲಾರೆ. ಮೇಲಿನ ಪೈಪಿನ ಆ ಗೇಣು ಜಾಗ ಸವೆಸಿದ್ದು ನಾನು, ಕಾಕಾನ ಇಬ್ಬರು ಹೆಣ್ಣುಮಕ್ಕಳು, ಓಣಿಯ ಇನ್ನೂ ನಾಲ್ಕು ಹುಡುಗರು. ಅದರಲ್ಲಿ ನಮಗೂ ಒಂದು ಪಾಲಿದೆ. ಆದರೆ ಹೊತ್ತವನು ಕಣ್ಣೆದುರಿಗೆ ಇದ್ದಾನೆ, ನಾಳೆ ಅದನ್ನು ತುಳಿಯೋನೂ ಅವನೇ. ನಮ್ಮ ಪಾಲು ಅಷ್ಟು ಹೊತ್ತು ಕಾಯಬಹುದು. ಬಣ್ಣ ಹೊಡೆಯೋದು ಅಂತ ಆಯ್ತು.

ಯಾವ ಕೆಂಪು ಅನ್ನೋದೊಂದು ಉಳಿದಿತ್ತು. “ಕೆಂಪ ಅಂದ್ರ ಕೆಂಪ” ಅಂದ ಕಾಕಾ. ಕ್ಯಾರಿಯರನ್ನು ಫ್ರೇಮಿಗೆ ಹಿಡಿಸಿದ್ದ ಪಟ್ಟಿ ಬಿಚ್ಚಿದೆ. ಜಾರಬಾರದು ಅಂತ ವೆಲ್ಡಿಂಗಿನವನು ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ರಬ್ಬರ್ ಸುತ್ತಿದ್ದ. ಅದರ ಕೆಳಗೆ ಎರಡು ಬೆರಳಗಲ, ಬಿಸಿಲು ಮಳೆ ಕಾಣದ ಕೆಂಪು ಹಾಗೇ ಇತ್ತು. ಅದರ ಫೋಟೋ ನಂಬೋ ಹಾಗಿಲ್ಲ, ಫ್ರೇಮನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ಮಿರಜಿನ ಬಣ್ಣದ ಅಂಗಡಿಗೆ ಹೋಗಿ ಹೊಂದಿಸಿ ತಂದೆ. ಪಾಲಿಶ್ ಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಒಣಗಿಸಿ, ಎರಡು ಕೋಟ್. ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಡೋ ಕಾಲ. ಹಾರಿ ಬಂದ ಕರಿ ಬೂದಿ ಹಸಿ ಬಣ್ಣಕ್ಕೆ ಅಂಟಿ ಎರಡನೇ ಕೋಟ್ ಮತ್ತೊಮ್ಮೆ ಹೊಡೀಬೇಕಾಯ್ತು. ಕ್ಯಾರಿಯರ್ ಕಪ್ಪು, ಹುಕ್ಕು ಇದ್ದಲ್ಲೇ.

ಅಟ್ಟದ ಮೇಲೆ ಇನ್ನೊಂದಿದೆ, ಅಜ್ಜನ ಅಟ್ಲಾಸ್. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ, ವಿಶ್ವ ಸೈಕಲ್ ದಿನದಂದೇ, ನಿಂತುಹೋಯ್ತು. ಅಜ್ಜ ಇಲ್ಲ, ಕೇಳೋಕೆ ಯಾರೂ ಉಳಿದಿಲ್ಲ. ಅಜ್ಜನಿಗೂ ಅದು ಹೊಸದಾಗಿ ಹೊಳೆಯೋದು ಇಷ್ಟ ಇತ್ತೋ ಏನೋ. ಈ ಸಲ ಅದನ್ನು ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅಲ್ಲೇ ಇಟ್ಟು ಬಂದೆ.